ಕಾಲ ತಪ್ಪಿದ ಕ್ರಿಯಾಪದ

ಧಾರವಾಡದ ಸಪ್ತಾಪುರದ ರಸ್ತೆಗಳಲ್ಲಿ ಸಂಜೆ ಅಡ್ಡಾಡಲು ಹೋದರೆ, ಪುಸ್ತಕದ ಕಟ್ಟು ಹಿಡಿದ ತರುಣ ತರುಣಿಯರು ಗುಂಪುಗುಂಪಾಗಿ ಎದುರಾಗುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರು ಅವರಲ್ಲಿ ಅನೇಕರು. ಗಣಿತಕ್ಕೂ ಇತಿಹಾಸಕ್ಕೂ ಅಂಜದ ಅವರು ಇಂಗ್ಲಿಷಿನ ಕಾಲಗಳಿಗೆ ಅಂಜುತ್ತಾರೆ. ಈಚೆಗೆ ಪರಿಚಯದ ಹುಡುಗನೊಬ್ಬ ಕೇಳಿದ: “ಸರ್, ‘ಇಟ್ ಈಸ್ ಹೈ ಟೈಮ್ ವಿ ಲೆಫ್ಟ್’ ಅನ್ನೋದು ಸರಿ ಉತ್ತರ ಅಂತ್ರಿ. ಇನ್ನೂ ಹೊಂಟೇ ಇಲ್ಲ, ಭೂತಕಾಲ ಹೆಂಗ ಬಂತ್ರೀ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ನಮ್ಮ ನಿತ್ಯದ ಮಾತಿನಲ್ಲಿಯೇ ಇದೆ. ಅವ್ವ ಒಳಗಿನಿಂದ ಕರೆದಾಗ, ಕುಳಿತಲ್ಲಿಂದ ಏಳುವ ಮೊದಲೇ ‘ಬಂದೆ’ ಎನ್ನುತ್ತೇವೆ. ಚಿಗರಿ ಬಸ್ಸು ದೂರದಲ್ಲಿ ಕಂಡೊಡನೆ ‘ಬಸ್ ಬಂತು’ ಎನ್ನುತ್ತೇವೆ. ‘ನಾಳೆ ಮಳೆ ಬಂದರೆ’ ಎಂಬಲ್ಲಿ ಮಳೆ ನಾಳಿನದು. ‘ಬಂದರೆ’ ಎಂಬ ರೂಪ ಮಾತ್ರ ನಿಂತಿರುವುದು ‘ಬಂದ’ ಎಂಬ ಭೂತಕಾಲದ ಬುಡದ ಮೇಲೆ. ಇಂಗ್ಲಿಷಿನ ಆ ‘ಲೆಫ್ಟ್’ ಕೂಡ ಗಡಿಯಾರ ನೋಡಿ ಬಂದ ಪದವಲ್ಲ. ಇಷ್ಟರಲ್ಲಿ ಆಗಬೇಕಿತ್ತು, ಆಗಿಲ್ಲ ಎಂಬುದನ್ನು ಅದು ಸೂಚಿಸುತ್ತದೆ. ‘ಐ ವಿಶ್ ಐ ನ್ಯೂ’ ಎಂಬುದೂ ಹೀಗೆಯೇ. ಈಗಿನ ಆಸೆಯನ್ನೇ ಹೇಳುವಾಗ ನಾವು ‘ಗೊತ್ತಿದ್ದರೆ ಚೆನ್ನಾಗಿತ್ತು’ ಎನ್ನುವುದಿಲ್ಲವೇ?

ಆದರೆ ಎಲ್ಲೆಡೆಯೂ ಎರಡು ಭಾಷೆಗಳು ಹೀಗೆ ಹೊಂದುವುದಿಲ್ಲ. ‘ಹತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ’ ಎಂಬ ಕನ್ನಡ ವಾಕ್ಯದಲ್ಲಿ ಕಳೆದ ಹತ್ತು ವರ್ಷವೂ ಇಂದಿನ ದಿನವೂ ಅಡಕವಾಗಿವೆ. ಇಂಗ್ಲಿಷಿನ ‘ಐ ಆ್ಯಮ್ ವರ್ಕಿಂಗ್’ ಅಷ್ಟು ಭಾರ ಹೊರಲಾರದು. ಅಲ್ಲಿ ‘ಐ ಹ್ಯಾವ್ ಬೀನ್ ವರ್ಕಿಂಗ್’ ಎನ್ನಬೇಕು.

ಇದನ್ನು ನಾನು ಕಲಿತದ್ದು ಬೇರೊಬ್ಬರ ಕಷ್ಟದಿಂದ. ಸೇವೆಯಲ್ಲಿದ್ದಾಗ, ದಿನಗೂಲಿ ನೌಕರನೊಬ್ಬ ಸೇವೆ ಕಾಯಂಗೊಳಿಸುವಂತೆ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದ. ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಹೋಗಬೇಕಿತ್ತು. ಗುಮಾಸ್ತರು ‘ಈಸ್ ವರ್ಕಿಂಗ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆದು ತಂದರು. ಎಂ.ಎ. ಓದಿದ ಹಮ್ಮಿನಲ್ಲಿ ನಾನದನ್ನು ‘ವರ್ಕ್ಡ್ ಫಾರ್ ಟೆನ್ ಇಯರ್ಸ್’ ಎಂದು ತಿದ್ದಿ ಸಹಿ ಹಾಕಿದೆ. ಎರಡು ತಿಂಗಳ ನಂತರ ಕಡತ ಮರಳಿತು: ಈತನನ್ನು ಸೇವೆಯಿಂದ ಬಿಡುಗಡೆ ಮಾಡಿದ ದಿನಾಂಕ ತಿಳಿಸಿರಿ! ಆತ ಅಂದು ಬೆಳಿಗ್ಗೆಯೂ ಕಚೇರಿಯ ಬಾಗಿಲು ತೆರೆದಿದ್ದ. ಗುಮಾಸ್ತರ ವಾಕ್ಯ ತಪ್ಪಾಗಿತ್ತು, ಆದರೆ ನಿಜ ಹೇಳುತ್ತಿತ್ತು. ನನ್ನ ವಾಕ್ಯದಲ್ಲಿ ವ್ಯಾಕರಣದ ದೋಷವಿರಲಿಲ್ಲ. ಅದು ಸುಳ್ಳು ಹೇಳಿತು. ಮತ್ತೆ ಬರೆದು ಕಳಿಸಿ, ಉತ್ತರ ಬರುವವರೆಗೆ ಕಾಯ್ದವನು ಅವನು, ನಾನಲ್ಲ.

ಆದ್ದರಿಂದ ಇಂಗ್ಲಿಷಿನಲ್ಲಿ ಎಡವುವ ಹಳ್ಳಿಯ ಮಕ್ಕಳನ್ನು ಕಂಡು ನಗುವವರಲ್ಲಿ ನನ್ನದೊಂದು ಬಿನ್ನಹ. ಅವರ ತಪ್ಪಿನ ಹಿಂದೆ ಬಹಳ ಸಲ ಕನ್ನಡದ ಒಂದು ಸರಿಯಾದ ವಾಕ್ಯವಿರುತ್ತದೆ. ಆ ವಾಕ್ಯವನ್ನು ಹೊರತೆಗೆದು, ಇಂಗ್ಲಿಷ್ ಎಲ್ಲಿ ಅದರೊಡನೆ ನಡೆಯುತ್ತದೆ, ಎಲ್ಲಿ ದಾರಿ ಬಿಡುತ್ತದೆ ಎಂದು ತೋರಿಸಿದರೆ ಸಾಕು. ಸೂತ್ರಗಳನ್ನು ಉರು ಹಚ್ಚಿಸುವುದಕ್ಕಿಂತ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ‘ಬಂದರೆ’ಯ ಬುಡ ತೋರಿಸಿದ ಮೇಲೆ ಆ ಹುಡುಗ ‘ಲೆಫ್ಟ್’ ಕುರಿತು ಮತ್ತೆ ಕೇಳಲಿಲ್ಲ.