ಬಳಸಿದ ಸೂಜಿ ಮರಳಿ ಬರುವ ದಾರಿ

ಭಾಲ್ಕಿ, ಔರಾದ ತಾಲೂಕುಗಳ ಅಂಗನವಾಡಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸಬಾಯಿ, ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ, ಹಬ್ ಕಟ್ಟರ್ ಎಂಬ ಕೈಯುಪಕರಣದಿಂದ ಅದನ್ನು ಸಿರಿಂಜಿನ ಕತ್ತಿನ ಬಳಿಯೇ ಕತ್ತರಿಸಿ ಗಟ್ಟಿ ಡಬ್ಬಿಯೊಳಗೆ ಬೀಳಿಸಿ, ಆ ಡಬ್ಬಿಯನ್ನು ಆರೋಗ್ಯ ಕೇಂದ್ರಕ್ಕೆ ಮರಳಿಸಬೇಕೆಂಬುದು ಲಸಿಕಾ ಕಾರ್ಯಕ್ರಮದ ನಿಯಮ. ಅದೇ ಊರಿನಲ್ಲಾಗಲಿ, ಬೀದರ ನಗರದ ಮೈಲೂರಿನಲ್ಲಾಗಲಿ, ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡ ಸೂಜಿ ಸಾಮಾನ್ಯವಾಗಿ ತರಕಾರಿ ಸಿಪ್ಪೆಯ ಜೊತೆ ಕಸದ ಗಾಡಿ ಸೇರುತ್ತದೆ. ಎರಡೂ ಸೂಜಿಗಳು ಮನುಷ್ಯರ ಚರ್ಮವನ್ನು ಹೊಕ್ಕು ಬಂದವೇ ಆದರೂ ಒಂದಕ್ಕೆ ಮರಳುವ ದಾರಿಯಿದೆ, ಇನ್ನೊಂದಕ್ಕೆ ಇಲ್ಲ.

ಕಾನೂನಿನಲ್ಲಿಯೂ ಈ ಸೀಳು ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಯ ಸೂಜಿಯನ್ನು ಚುಚ್ಚಿದರೆ ತೂತಾಗದ, ಸೋರದ, ತೆರೆಯಲು ಬಾರದ ಬಿಳಿ ಅರೆಪಾರದರ್ಶಕ ಡಬ್ಬಿಯಲ್ಲಿ ತುಂಬಿ, ಅನೇಕ ಆಸ್ಪತ್ರೆಗಳಿಗೆ ಒಟ್ಟಾಗಿ ಕೆಲಸ ಮಾಡುವ ಸಂಸ್ಕರಣಾ ಘಟಕಕ್ಕೆ ಕಳಿಸಬೇಕೆನ್ನುತ್ತವೆ. ಅಲ್ಲಿ ಅದನ್ನು ಒತ್ತಡದ ಹಬೆಯಲ್ಲಿ ಅಥವಾ ಒಣ ಶಾಖದಲ್ಲಿ ಸೋಂಕುಮುಕ್ತಗೊಳಿಸಿ, ಚೂರು ಮಾಡಿ ಅಥವಾ ಕಾಂಕ್ರೀಟಿನಲ್ಲಿ ಹುದುಗಿಸಿ ವಿಲೇವಾರಿ ಮಾಡಲಾಗುತ್ತದೆ. ಮನೆಯ ಸೂಜಿಯಾದರೋ ಅದೇ ವರ್ಷದ ಘನತ್ಯಾಜ್ಯ ನಿಯಮಗಳಲ್ಲಿ ಹಳೆಯ ಬ್ಯಾಟರಿ, ಅವಧಿ ಮೀರಿದ ಔಷಧಿಗಳ ಸಾಲಿನಲ್ಲಿ, ಗೃಹ ಅಪಾಯಕಾರಿ ತ್ಯಾಜ್ಯ ಎಂಬ ಹೆಸರಿನಡಿ ಬಂದಿತು. ಇಂಥ ತ್ಯಾಜ್ಯಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸ್ವೀಕಾರ ಕೇಂದ್ರವನ್ನು ಸ್ಥಳೀಯ ಸಂಸ್ಥೆ ತೆರೆಯಬೇಕೆಂದೂ ಆ ನಿಯಮಗಳು ವಿಧಿಸಿದವು. ಆದರೆ ತೀರ ಚಿಕ್ಕದಾದ ಒಂದು ಸೂಜಿಗಾಗಿ ಅಷ್ಟು ದೂರ ನಡೆದು ಹೋಗಬೇಕೆಂದು ವಯಸ್ಸಾದ ರೋಗಿಗೆ ಹೇಳುವುದು ಸುಲಭ, ಅದು ನಡೆಯುವುದು ಕಷ್ಟ.

ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 100ಕ್ಕೆ 30ರವರೆಗೂ, ಹೆಪಟೈಟಿಸ್ ಸಿ ತಗಲುವ ಸಾಧ್ಯತೆ 100ಕ್ಕೆ ಸುಮಾರು 2, ಎಚ್‌ಐವಿಯದು 1,000ಕ್ಕೆ ಸುಮಾರು 3 ಎಂದು ಅಂದಾಜಿಸಲಾಗಿದೆ. ಮೊದಲನೆಯದು ಯಕೃತ್ತಿನ ರೋಗವಾಗಿದ್ದು, ಅದರ ವೈರಾಣು ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಆದರೆ ಕಸದಲ್ಲಿ ಬಿದ್ದ ಸೂಜಿಯ ಈ ಹೊರೆಯನ್ನು ಹೊರುವವರು ಅದನ್ನು ಬಳಸಿದವರಲ್ಲ. ಪೌರಕಾರ್ಮಿಕರು, ಗುಜರಿ ಆಯುವವರು, ಬೀದಿಯಲ್ಲಿ ಆಡುವ ಮಕ್ಕಳು.

ಮನೆ ಮತ್ತು ಬೀದಿಯಿಂದ ಸೂಜಿಯನ್ನು ಮರಳಿ ಪಡೆಯುವ ವಿಧಾನವನ್ನು ಹೆಚ್ಚು ಪರಿಶ್ರಮದಿಂದ ರೂಪಿಸಿದವರು ಮಾದಕ ದ್ರವ್ಯವನ್ನು ಚುಚ್ಚಿಕೊಳ್ಳುವವರ ನಡುವೆ ಕೆಲಸ ಮಾಡಿದವರು. ಚಟವನ್ನು ಒಮ್ಮೆಲೇ ಬಿಡಿಸಲಾಗದಿದ್ದರೂ ಅದರಿಂದಾಗುವ ರೋಗ ಮತ್ತು ಸಾವನ್ನು ಈಗಿನಿಂದಲೇ ಕಡಿಮೆ ಮಾಡಬಹುದು ಎಂಬ ನಿಲುವಿಗೆ ಹಾನಿ ತಗ್ಗಿಸುವಿಕೆ ಎಂದು ಹೆಸರು. 1984ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ, ಹೆಪಟೈಟಿಸ್ ಬಿ ಹರಡುವ ಭಯದಿಂದ ಬಳಕೆದಾರರ ಸಂಘವೇ ಮುಂದಾಗಿ, ನಗರದ ಆರೋಗ್ಯ ಇಲಾಖೆಯಿಂದ ಹೊಸ ಸೂಜಿ ಪಡೆದು ಹಂಚಿ, ಹಳೆಯದನ್ನು ವಾಪಸ್ಸು ಪಡೆಯುವ ಕ್ರಮ ಆರಂಭಿಸಿತು. ಭಾರತದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ವೇಗವಾಗಿ ಹರಡಿದ್ದ ಮಣಿಪುರದ ಚುರಾಚಾಂದಪುರದಲ್ಲಿ ಶಾಲೋಮ್ ಎಂಬ ಸಂಸ್ಥೆ 1995ರಲ್ಲಿ ಇಂಥ ಕೆಲಸಕ್ಕೆ ಕೈಹಾಕಿತು. ಮುಂದೆ ಈ ಕ್ರಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಭಾಗವಾಯಿತು. ಇಲ್ಲಿ ಪೀರ್ ಎಜುಕೇಟರ್, ಅಂದರೆ ಆ ಬಳಗದಿಂದಲೇ ಬಂದು ತರಬೇತಿ ಪಡೆದ ಕಾರ್ಯಕರ್ತ, ಗೊತ್ತಾದ ಸ್ಥಳಗಳಿಗೆ ತಾನೇ ಹೋಗಿ ಹೊಸ ಸೂಜಿ ಕೊಟ್ಟು ಹಳೆಯದನ್ನು ಡಬ್ಬಿಯಲ್ಲಿ ಪಡೆಯುತ್ತಾನೆ. ಎಷ್ಟು ಕೊಟ್ಟದ್ದಾಯಿತು, ಎಷ್ಟು ಮರಳಿತು ಎಂಬುದನ್ನು ಬರೆದಿಡಲಾಗುತ್ತದೆ. ಹಳೆಯದು ತರದವರಿಗೆ ಹೊಸದನ್ನು ನಿರಾಕರಿಸಿದರೆ ಅವರು ಇನ್ನೊಬ್ಬರ ಸೂಜಿಯನ್ನು ಎರವಲು ಪಡೆಯುತ್ತಾರೆಂಬುದು ಅನುಭವದಿಂದ ತಿಳಿದಿರುವುದರಿಂದ, ಒಂದಕ್ಕೆ ಒಂದು ಎಂಬ ಬಿಗಿ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ.

ಸೂಜಿ ಹಂಚಿದರೆ ಬೀದಿಯಲ್ಲೆಲ್ಲ ಸೂಜಿಯೇ ತುಂಬುತ್ತದೆ ಎಂಬ ಆತಂಕ ಸಹಜವಾದದ್ದು, ಆದರೆ ನಿಜ ಇದಕ್ಕೆ ವಿರುದ್ಧವಾಗಿದೆ. ಅಮೆರಿಕದಲ್ಲಿ ವಿನಿಮಯ ಕೇಂದ್ರಗಳಿದ್ದ ಸ್ಯಾನ್‌ಫ್ರಾನ್ಸಿಸ್ಕೋ ಮತ್ತು ಆಗ ಅವು ಇಲ್ಲದಿದ್ದ ಮಯಾಮಿ ನಗರಗಳ ಬೀದಿಗಳಲ್ಲಿ ನಡೆದು ಬಿದ್ದ ಸಿರಿಂಜುಗಳನ್ನು ಎಣಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1,000 ಜನಗಣತಿ ಬ್ಲಾಕುಗಳಿಗೆ ಮೊದಲನೆಯದರಲ್ಲಿ 44, ಎರಡನೆಯದರಲ್ಲಿ 371 ಸಿಕ್ಕವು. ಮರಳಿಸಲು ಸ್ಥಳವಿರುವಾಗ ಜನ ಮರಳಿಸುತ್ತಾರೆ. ಭಾರತದ ಕಾನೂನೂ ಇದನ್ನು ಗುರುತಿಸಿದ್ದು, 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮು, ಸರ್ಕಾರದ ಮಾರ್ಗಸೂಚಿಯಂತೆ ಶುದ್ಧ ಸೂಜಿ ಕೊಡುವವರನ್ನಾಗಲಿ, ಹಳೆಯದನ್ನು ಕೊಟ್ಟು ಅದನ್ನು ಪಡೆಯುವವರನ್ನಾಗಲಿ ಅಪರಾಧಿಗಳೆಂದು ಕಾಣಬಾರದೆನ್ನುತ್ತದೆ.

ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡಿದೆಯೇ ಹೊರತು ಸೂಜಿಯಿಂದಲ್ಲ. ಹಾಗಾಗಿ ಮಣಿಪುರದ ವ್ಯವಸ್ಥೆಯನ್ನು ಬೀದರಕ್ಕೆ ಹಾಗೆಯೇ ತರುವ ಅಗತ್ಯವಿಲ್ಲ. ತರಬೇಕಾದದ್ದು ಅದರ ಮೂಲ ಗುಣವನ್ನು: ಪ್ರಶ್ನೆ ಕೇಳದೆ, ನಾಚಿಕೆಪಡಿಸದೆ, ಬಳಸುವವರಿಗೆ ಹತ್ತಿರದಲ್ಲಿ ಸೂಜಿಯನ್ನು ಮರಳಿ ಪಡೆಯುವುದು. ಇನ್ಸುಲಿನ್ ಮಾರುವ ಔಷಧಿ ಅಂಗಡಿ, ತಾಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇದಕ್ಕೆ ತಕ್ಕ ಜಾಗಗಳು, ಏಕೆಂದರೆ ರೋಗಿ ಅಲ್ಲಿಗೆ ಹೇಗೂ ಬರುತ್ತಾನೆ. ನರ್ಸಬಾಯಿಯ ಡಬ್ಬಿ ಹೋಗುವ ಗಾಡಿಯಲ್ಲಿಯೇ ಮನೆಯ ಡಬ್ಬಿಯೂ ಹೋಗಬಹುದು. ಔರಾದದವರು ದೇಗಲೂರಿಗೆ, ಭಾಲ್ಕಿಯವರು ಉದಗೀರಿಗೆ ಚಿಕಿತ್ಸೆಗೆ ಹೋಗಿಬರುವ ಈ ಗಡಿಭಾಗದಲ್ಲಿ ಸೂಜಿಯನ್ನು ಎಲ್ಲಿ ಕೊಂಡದ್ದು ಎಂದು ಕೇಳುತ್ತ ಕೂತರೆ ಕೆಲಸ ಕೆಡುತ್ತದೆ. ಕನ್ನಡ, ಉರ್ದು, ಮರಾಠಿ ಮೂರನ್ನೂ ಆಡುವ ಜನರಿರುವುದರಿಂದ ಡಬ್ಬಿಯ ಮೇಲೆ ಅಕ್ಷರಕ್ಕಿಂತ ಚಿತ್ರವಿರುವುದು ಮೇಲು. ಅಂಥ ಏರ್ಪಾಡು ಆಗುವತನಕ ಮನೆಯಲ್ಲಿ, ಸೂಜಿಗೆ ಮುಚ್ಚಳ ಹಾಕಲು ಹೋಗದೆ, ತಿರುಗಿಸಿ ಮುಚ್ಚುವ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ, ಬೇರೆ ಕಸದೊಡನೆ ಬೆರೆಸದೆ, ಒಳಗೆ ಸೂಜಿಯಿದೆಯೆಂದು ಹೇಳಿ ಕೊಡಬೇಕು.

ಕಸ ಎತ್ತುವವರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು ಮೊದಲೇ ಹಾಕಿಸುವುದು ಅವರನ್ನು ಕೆಲಸಕ್ಕೆ ಇಟ್ಟುಕೊಂಡವರ ಹೊಣೆ. ಸೂಜಿ ಚುಚ್ಚಿಯೇಬಿಟ್ಟರೆ ಗಾಯವನ್ನು ಹಿಂಡದೆ, ಬೆರಳನ್ನು ಬಾಯಿಗೆ ಇಡದೆ, ಸೋಪು ನೀರಿನಿಂದ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಪಾಯವಿದೆಯೆಂದು ವೈದ್ಯರಿಗೆ ತೋರಿದರೆ ಎಚ್‌ಐವಿ ತಡೆಯುವ ಮಾತ್ರೆಗಳನ್ನು, ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತಪ್ಪದೆ ಕೊಡುತ್ತಾರೆ.