ಡೇಟಾಬೇಸ್ ಫೇಲ್‌ಓವರ್

ಡೇಟಾಬೇಸ್ ಫೇಲ್‌ಓವರ್ ಎಂದರೆ ಕಾರ್ಯನಿರತವಾಗಿರುವ ಡೇಟಾಬೇಸ್ ಸರ್ವರ್ ಸ್ಥಗಿತಗೊಂಡಾಗ ಅದರ ಹೊಣೆಯನ್ನು ಮೊದಲೇ ಸಿದ್ಧಪಡಿಸಿದ ಮತ್ತೊಂದು ಸರ್ವರ್‌ಗೆ ವರ್ಗಾಯಿಸುವ ಪ್ರಕ್ರಿಯೆ. ಓದು-ಬರಹದ ಕೋರಿಕೆಗಳನ್ನು ಸ್ವೀಕರಿಸುವ ಸರ್ವರನ್ನು ಪ್ರಧಾನ ಸರ್ವರ್ ಎಂದೂ ಅದರ ದತ್ತಾಂಶದ ಪ್ರತಿಯನ್ನು ಇಟ್ಟುಕೊಂಡು ಸಿದ್ಧವಾಗಿರುವುದನ್ನು ಮೀಸಲು ಸರ್ವರ್ ಎಂದೂ ಕರೆಯಲಾಗುತ್ತದೆ. ದುರಸ್ತಿ ಅಥವಾ ತಂತ್ರಾಂಶದ ನವೀಕರಣಕ್ಕಾಗಿ ಯೋಜಿತವಾಗಿ ನಡೆಸುವ ವರ್ಗಾವಣೆಗೆ ಸ್ವಿಚ್‌ಓವರ್ ಎಂಬ ಹೆಸರಿದೆ.

ವೆಬ್ ಸರ್ವರ್ ಕೆಟ್ಟಾಗ ಅದರ ಸ್ಥಾನದಲ್ಲಿ ಇನ್ನೊಂದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಡೇಟಾಬೇಸಿನ ವಿಷಯದಲ್ಲಿ ಮಾತ್ರ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ದೊರೆಯಬೇಕು. ಹಳೆಯ ಸರ್ವರ್ ಬಳಕೆದಾರರಿಗೆ ದೃಢಪಡಿಸಿದ ಎಲ್ಲ ವಹಿವಾಟುಗಳೂ ಹೊಸ ಸರ್ವರಿನಲ್ಲಿವೆಯೇ? ಹಳೆಯ ಸರ್ವರ್ ನಿಜವಾಗಿಯೂ ನಿಂತಿದೆಯೇ? ಫೇಲ್‌ಓವರಿನ ಸಂರಚನೆಯ ಬಹುಪಾಲು ಈ ಎರಡು ಪ್ರಶ್ನೆಗಳಿಗೆ ಸಂಬಂಧಿಸಿದ್ದಾಗಿದೆ.

ಲಭ್ಯತೆಯ ಅಳತೆ

ಸೇವೆಯ ಲಭ್ಯತೆಯನ್ನು ವರ್ಷದ ಒಟ್ಟು ಅವಧಿಯ ಶೇಕಡಾ ಪ್ರಮಾಣದಲ್ಲಿ ಹೇಳುವುದು ರೂಢಿ. ಶೇ. 99.9 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷಗಳ ಸ್ಥಗಿತಕ್ಕೆ ಅವಕಾಶವಿದೆ ಎಂದರ್ಥ. ಶೇ. 99.99 ಆದರೆ ಸುಮಾರು 53 ನಿಮಿಷ, ಶೇ. 99.999 ಆದರೆ 5 ನಿಮಿಷಕ್ಕಿಂತ ತುಸು ಹೆಚ್ಚು. ರಾತ್ರಿ ವೇಳೆ ನಿರ್ವಾಹಕರೊಬ್ಬರನ್ನು ಎಬ್ಬಿಸಿ ದೋಷವನ್ನು ಪರಿಶೀಲಿಸುವಷ್ಟರಲ್ಲಿ ಈ ಕೊನೆಯ ಅವಧಿ ಮುಗಿದುಹೋಗುವುದರಿಂದ ಸ್ವಯಂಚಾಲಿತ ಫೇಲ್‌ಓವರ್ ಅಗತ್ಯವೆನಿಸುತ್ತದೆ.

ಸಂರಚನೆಗೆ ಮೊದಲು ಎರಡು ಗುರಿಗಳನ್ನು ನಿಗದಿಪಡಿಸಲಾಗುತ್ತದೆ. ಸೇವೆಯು ಎಷ್ಟು ಹೊತ್ತಿನೊಳಗೆ ಮರಳಬೇಕು ಎಂಬುದು ಆರ್‌ಟಿಒ. ಎಷ್ಟು ಹೊತ್ತಿನ ದತ್ತಾಂಶ ನಷ್ಟವನ್ನು ಸಹಿಸಬಹುದು ಎಂಬುದು ಆರ್‌ಪಿಒ. ಬ್ಯಾಂಕಿನ ಖಾತೆಗಳಿಗೆ ಎರಡನೆಯದು ಶೂನ್ಯವಾಗಿರಬೇಕಾಗುತ್ತದೆ. ಓದುಗರ ಭೇಟಿಗಳನ್ನು ಎಣಿಸುವ ಡೇಟಾಬೇಸಿಗೆ ಕೆಲವು ಸೆಕೆಂಡುಗಳ ನಷ್ಟ ದೊಡ್ಡದಲ್ಲ.

ಪ್ರತಿಕೃತಿ ನಿರ್ಮಾಣ

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ತಂತ್ರಾಂಶವು ಮೂಲ ಕಡತಗಳನ್ನು ಬದಲಿಸುವ ಮೊದಲು ಪ್ರತಿಯೊಂದು ಬದಲಾವಣೆಯನ್ನೂ ವಾಲ್ ಎಂಬ ಮುಂಗಡ ದಾಖಲೆಯಲ್ಲಿ ಬರೆದಿಡುತ್ತದೆ. ಈ ದಾಖಲೆಯನ್ನು ಮೀಸಲು ಸರ್ವರ್‌ಗೆ ನಿರಂತರವಾಗಿ ರವಾನಿಸುವ ಸೌಲಭ್ಯವು 2010ರಲ್ಲಿ ಬಿಡುಗಡೆಯಾದ 9.0 ಆವೃತ್ತಿಯಲ್ಲಿ ಬಂದಿತು. ಮೈಎಸ್‌ಕ್ಯೂಎಲ್ ಇದೇ ಉದ್ದೇಶಕ್ಕೆ ಬೈನರಿ ಲಾಗ್ ಎಂಬ ದಾಖಲೆಯನ್ನು ಬಳಸುತ್ತದೆ.

ರವಾನೆಯಲ್ಲಿ ಎರಡು ಬಗೆಗಳಿವೆ. ಅಸಮಕಾಲಿಕ ವಿಧಾನದಲ್ಲಿ ಪ್ರಧಾನ ಸರ್ವರ್ ಮೀಸಲು ಸರ್ವರಿನ ಉತ್ತರಕ್ಕೆ ಕಾಯದೆ ವಹಿವಾಟನ್ನು ದೃಢಪಡಿಸುತ್ತದೆ. ಇದು ವೇಗವಾದ ವಿಧಾನ. ಆದರೆ ಆ ಕ್ಷಣದಲ್ಲೇ ಪ್ರಧಾನ ಸರ್ವರ್ ಕೆಟ್ಟರೆ ಕೊನೆಯ ಕೆಲವು ವಹಿವಾಟುಗಳು ನಷ್ಟವಾಗಬಹುದು. ಸಮಕಾಲಿಕ ವಿಧಾನದಲ್ಲಿ ಮೀಸಲು ಸರ್ವರ್ ದಾಖಲೆಯನ್ನು ಪಡೆದು ಉತ್ತರಿಸಿದ ಬಳಿಕವೇ ದೃಢೀಕರಣ ದೊರೆಯುತ್ತದೆ. ಹೀಗಾಗಿ ದತ್ತಾಂಶ ಸುರಕ್ಷಿತವಾಗಿರುತ್ತದೆ. ಆದರೆ ಪ್ರತಿ ವಹಿವಾಟಿಗೂ ಜಾಲದ ಪ್ರಯಾಣಕಾಲ ಸೇರುತ್ತದೆ. ಇರುವ ಒಂದೇ ಸಮಕಾಲಿಕ ಮೀಸಲು ಸರ್ವರ್ ನಿಂತರೆ ಪ್ರಧಾನ ಸರ್ವರಿನ ಬರಹವೂ ತಡೆಹಿಡಿಯಲ್ಪಡುತ್ತದೆ. ಇದನ್ನು ತಪ್ಪಿಸಲು ಎರಡು ಮೀಸಲು ಸರ್ವರ್‌ಗಳನ್ನು ಇರಿಸಿ, ಅವುಗಳಲ್ಲಿ ಯಾವುದಾದರೂ ಒಂದು ಉತ್ತರಿಸಿದರೆ ಸಾಕು ಎಂದು ಹೊಂದಿಸಲಾಗುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಈ ಆಯ್ಕೆ 2017ರ 10ನೇ ಆವೃತ್ತಿಯಿಂದ ಲಭ್ಯವಿದೆ.

ವೈಫಲ್ಯದ ಪತ್ತೆ ಮತ್ತು ಬಹುಮತ

ಕ್ಲಸ್ಟರಿನ ಸರ್ವರ್‌ಗಳು ನಿಯತವಾಗಿ ಪರಸ್ಪರ ಸಂಕೇತಗಳನ್ನು ಕಳುಹಿಸುತ್ತವೆ. ಇವುಗಳನ್ನು ಹಾರ್ಟ್‌ಬೀಟ್ ಎನ್ನುತ್ತಾರೆ. ಸಂಕೇತ ಬಾರದಿದ್ದ ಮಾತ್ರಕ್ಕೆ ಎದುರಿನ ಸರ್ವರ್ ಕೆಟ್ಟಿದೆ ಎಂದು ನಿರ್ಧರಿಸಲಾಗದು. ನಡುವಿನ ಜಾಲವಷ್ಟೇ ಕಡಿದಿರಬಹುದು. ಅಂತಹ ಸಂದರ್ಭದಲ್ಲಿ ಮೀಸಲು ಸರ್ವರ್ ತಾನೇ ಪ್ರಧಾನವೆಂದು ಘೋಷಿಸಿಕೊಂಡರೆ ಎರಡು ಪ್ರಧಾನ ಸರ್ವರ್‌ಗಳು ಏಕಕಾಲದಲ್ಲಿ ಬರಹಗಳನ್ನು ಸ್ವೀಕರಿಸತೊಡಗುತ್ತವೆ. ಈ ಸ್ಥಿತಿಗೆ ಸ್ಪ್ಲಿಟ್-ಬ್ರೇನ್ ಎಂದು ಹೆಸರು. ರೈಲಿನ ಒಂದೇ ಆಸನವನ್ನು ಎರಡು ಸರ್ವರ್‌ಗಳು ಇಬ್ಬರು ಪ್ರಯಾಣಿಕರಿಗೆ ಕಾಯ್ದಿರಿಸಿದರೆ, ಯಾವ ದಾಖಲೆಯನ್ನು ಉಳಿಸಬೇಕು ಎಂಬುದನ್ನು ತಂತ್ರಾಂಶ ತಾನಾಗಿ ತೀರ್ಮಾನಿಸಲಾರದು. ಸೇವೆ ಕೆಲಕಾಲ ನಿಲ್ಲುವುದಕ್ಕಿಂತ ಇದು ಹೆಚ್ಚಿನ ಹಾನಿ.

ಇದನ್ನು ತಡೆಯುವ ಮೊದಲ ಉಪಾಯ ಬಹುಮತ. ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚಿನವರು ಒಪ್ಪಿದಾಗ ಮಾತ್ರ ಹೊಸ ಪ್ರಧಾನ ಸರ್ವರ್ ಆಯ್ಕೆಯಾಗುತ್ತದೆ. ಮೂರು ಸದಸ್ಯರಿರುವ ಕ್ಲಸ್ಟರ್ ಒಂದರ ವೈಫಲ್ಯವನ್ನೂ ಐದು ಸದಸ್ಯರಿರುವುದು ಎರಡರ ವೈಫಲ್ಯವನ್ನೂ ತಾಳಿಕೊಳ್ಳಬಲ್ಲದು. ನಾಲ್ಕನೆಯ ಸದಸ್ಯನನ್ನು ಸೇರಿಸುವುದರಿಂದ ಈ ಸಾಮರ್ಥ್ಯ ಹೆಚ್ಚುವುದಿಲ್ಲ. ಆದ್ದರಿಂದ ಬೆಸಸಂಖ್ಯೆಯ ಸದಸ್ಯರನ್ನು ಇಡುವುದು ವಾಡಿಕೆ. ಎರಡೇ ಸರ್ವರ್‌ಗಳಿರುವಲ್ಲಿ ನಡುವಿನ ಸಂಪರ್ಕ ಕಡಿದರೆ ಯಾವುದಕ್ಕೂ ಬಹುಮತ ದೊರೆಯದು. ಹಾಗಾಗಿ ದತ್ತಾಂಶವಿಲ್ಲದ ಮೂರನೆಯ ಸಾಕ್ಷಿ ಸರ್ವರೊಂದನ್ನು ಬೇರೆ ಸ್ಥಳದಲ್ಲಿ ಇರಿಸಲಾಗುತ್ತದೆ. ಒಮ್ಮತ ಸಾಧಿಸುವ ಕ್ರಮವಿಧಿಗಳಲ್ಲಿ ಡಿಯಾಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ರಾಫ್ಟ್ ಪ್ರಸಿದ್ಧವಾಗಿದೆ.

ಎರಡನೆಯ ಉಪಾಯ ಫೆನ್ಸಿಂಗ್, ಅಂದರೆ ಸಂಶಯಾಸ್ಪದ ಸರ್ವರನ್ನು ಬಲವಂತವಾಗಿ ಬೇರ್ಪಡಿಸುವುದು. ಪೇಸ್‌ಮೇಕರ್ ತಂತ್ರಾಂಶವು ದೂರನಿಯಂತ್ರಿತ ಸಾಧನದ ಮೂಲಕ ಹಳೆಯ ಸರ್ವರಿನ ವಿದ್ಯುತ್ತನ್ನೇ ಕಡಿದು, ಅದು ನಿಂತಿದೆ ಎಂದು ಖಚಿತವಾದ ಮೇಲೆ ಹೊಸದಕ್ಕೆ ಬಡ್ತಿ ನೀಡುವಂತೆ ಹೊಂದಿಸಬಹುದು.

ಸಂರಚನೆಯ ಉದಾಹರಣೆ

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಕ್ಲಸ್ಟರ್‌ಗಳನ್ನು ನಿರ್ವಹಿಸಲು ಪಟ್ರೋನಿ ಎಂಬ ಮುಕ್ತ ತಂತ್ರಾಂಶ ವ್ಯಾಪಕವಾಗಿ ಬಳಕೆಯಲ್ಲಿದೆ. ಇಟಿಸಿಡಿಯಂತಹ, ಬಹುಮತದಿಂದ ನಡೆಯುವ ಸಂಗ್ರಹದಲ್ಲಿ ಪಟ್ರೋನಿ ನಾಯಕನ ಕೀಲಿಯೊಂದನ್ನು ಇಡುತ್ತದೆ. ಆ ಕೀಲಿಯನ್ನು ಹೊಂದಿರುವ ಸರ್ವರ್ ಮಾತ್ರ ಪ್ರಧಾನವಾಗಿರುತ್ತದೆ. ಪೂರ್ವನಿಯೋಜಿತ ಸಂರಚನೆಯಲ್ಲಿ ಕೀಲಿಯ ಆಯುಸ್ಸು 30 ಸೆಕೆಂಡು. ಪರಿಶೀಲನೆಯ ಸುತ್ತು 10 ಸೆಕೆಂಡಿಗೊಮ್ಮೆ ನಡೆಯುತ್ತದೆ. ಕೀಲಿಯನ್ನು ನವೀಕರಿಸಲಾಗದ ಪ್ರಧಾನ ಸರ್ವರ್ ತಾನಾಗಿಯೇ ಬರಹವನ್ನು ನಿಲ್ಲಿಸಿ ಹಿಂದೆ ಸರಿಯುತ್ತದೆ. ಬಳಿಕ ಮೀಸಲು ಸರ್ವರ್‌ಗಳಲ್ಲಿ ಒಂದು ಆ ಕೀಲಿಯನ್ನು ಪಡೆಯುತ್ತದೆ. ನಕಲಿನಲ್ಲಿ 1 ಮೆಗಾಬೈಟ್‌ಗಿಂತ ಹೆಚ್ಚು ಹಿಂದುಳಿದ ಸರ್ವರ್ ಪೂರ್ವನಿಯೋಜಿತವಾಗಿ ಸ್ಪರ್ಧೆಗೆ ಅರ್ಹವಲ್ಲ. ಕೀಲಿಯ ಆಯುಸ್ಸನ್ನು ತಗ್ಗಿಸಿದರೆ ಚೇತರಿಕೆ ವೇಗವಾಗುತ್ತದೆ. ಆದರೆ ಜಾಲದ ಅಲ್ಪ ವಿಳಂಬವೂ ಅನಗತ್ಯ ಫೇಲ್‌ಓವರ್‌ಗೆ ಕಾರಣವಾಗಬಹುದು.

ಬಡ್ತಿಯ ನಂತರ ಬಳಕೆಯ ತಂತ್ರಾಂಶಗಳು ಹೊಸ ಸರ್ವರನ್ನು ತಲುಪಬೇಕು. ಇದಕ್ಕಾಗಿ ಸರ್ವರಿನಿಂದ ಸರ್ವರಿಗೆ ಸಾಗುವ ವರ್ಚುವಲ್ ಐಪಿ ವಿಳಾಸವನ್ನು ಅಥವಾ ಎಚ್‌ಎಪ್ರಾಕ್ಸಿಯಂತಹ ಮಧ್ಯವರ್ತಿಯನ್ನು ಬಳಸಲಾಗುತ್ತದೆ. ಡಿಎನ್‌ಎಸ್ ಹೆಸರನ್ನಷ್ಟೇ ಬದಲಿಸಿದರೆ ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡಿರುವ ಗಣಕಗಳು ಕೆಲಕಾಲ ಹಳೆಯ ಸರ್ವರ್‌ಗೇ ಹೋಗುತ್ತವೆ. ಹಳೆಯ ಪ್ರಧಾನ ಸರ್ವರ್ ಮರಳಿ ಬಂದಾಗ ಅದನ್ನು ಹಾಗೆಯೇ ಸೇರಿಸಿಕೊಳ್ಳುವಂತಿಲ್ಲ. ಅದರಲ್ಲಿ ಮಾತ್ರ ಉಳಿದಿರುವ ಬದಲಾವಣೆಗಳನ್ನು ಪಿಜಿ-ರಿವೈಂಡ್ ಸಾಧನದಿಂದ ಹಿಂದೆಗೆದು ಅಥವಾ ಹೊಸ ಪ್ರತಿಯನ್ನು ಮಾಡಿಕೊಂಡು ಮೀಸಲು ಸರ್ವರಾಗಿ ಸೇರಿಸಬೇಕು.

2018ರ ಗಿಟ್‌ಹಬ್ ಘಟನೆ

ಸರಿಯಾಗಿ ಕೆಲಸಮಾಡಿದ ಫೇಲ್‌ಓವರ್ ಕೂಡ ತೊಂದರೆ ತರಬಹುದು ಎಂಬುದಕ್ಕೆ ಗಿಟ್‌ಹಬ್ ಸಂಸ್ಥೆಯೇ ಪ್ರಕಟಿಸಿದ ವಿವರಣೆ ನಿದರ್ಶನವಾಗಿದೆ. 2018ರ ಅಕ್ಟೋಬರ್ 21ರಂದು ಉಪಕರಣವೊಂದರ ಬದಲಾವಣೆಯ ವೇಳೆ ಅಮೆರಿಕದ ಪೂರ್ವ ಕರಾವಳಿಯ ದತ್ತಾಂಶ ಕೇಂದ್ರದ ಸಂಪರ್ಕ 43 ಸೆಕೆಂಡುಗಳ ಕಾಲ ಕಡಿಯಿತು. ಮೈಎಸ್‌ಕ್ಯೂಎಲ್ ಸರ್ವರ್‌ಗಳನ್ನು ನಿರ್ವಹಿಸುತ್ತಿದ್ದ ಆರ್ಕೆಸ್ಟ್ರೇಟರ್ ತಂತ್ರಾಂಶವು ಉಳಿದ ಸದಸ್ಯರ ಬಹುಮತದಿಂದ ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಬಡ್ತಿ ನೀಡಿತು. ಅಷ್ಟರಲ್ಲಿ ಪೂರ್ವದಲ್ಲಿ ನಡೆದ ಕೆಲವು ಬರಹಗಳು ಪಶ್ಚಿಮವನ್ನು ತಲುಪಿರಲಿಲ್ಲ. ಪಶ್ಚಿಮವು ಹೊಸ ಬರಹಗಳನ್ನು ಸ್ವೀಕರಿಸತೊಡಗಿತ್ತು. ಎರಡೂ ಕಡೆ ಬೇರೆಯಲ್ಲಿಲ್ಲದ ದತ್ತಾಂಶ ಉಳಿದುದರಿಂದ ಸುಲಭವಾಗಿ ಹಿಂದಿರುಗಲು ಸಾಧ್ಯವಾಗಲಿಲ್ಲ. ಸಂಸ್ಥೆಯು ವೇಗಕ್ಕಿಂತ ದತ್ತಾಂಶದ ಸಮಗ್ರತೆಗೆ ಆದ್ಯತೆ ನೀಡಿತು. ಸೇವೆ 24 ಗಂಟೆ 11 ನಿಮಿಷಗಳ ಕಾಲ ಕುಂಠಿತವಾಗಿತ್ತು. ಪ್ರಾದೇಶಿಕ ಗಡಿಯನ್ನು ದಾಟಿ ಬಡ್ತಿ ನೀಡದಂತೆ ಆರ್ಕೆಸ್ಟ್ರೇಟರನ್ನು ಹೊಂದಿಸುವುದು ನಂತರ ಕೈಗೊಂಡ ಕ್ರಮಗಳಲ್ಲಿ ಒಂದು.

ಮಿತಿಗಳು ಮತ್ತು ಪರೀಕ್ಷೆ

ಮೀಸಲು ಸರ್ವರ್ ಬ್ಯಾಕಪ್‌ಗೆ ಬದಲಿಯಲ್ಲ. ಪ್ರಧಾನ ಸರ್ವರಿನಲ್ಲಿ ಕೋಷ್ಟಕವೊಂದನ್ನು ಅಚಾತುರ್ಯದಿಂದ ಅಳಿಸಿದರೆ ಆ ಆಜ್ಞೆಯೂ ಕ್ಷಣಮಾತ್ರದಲ್ಲಿ ಪ್ರತಿಕೃತಿಗಳಿಗೆ ತಲುಪುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಿಂತುಹೋಗಿದ್ದ ಪ್ರತಿಕೃತಿ ನಿರ್ಮಾಣವನ್ನು ಸರಿಪಡಿಸುವಾಗ, ಮೀಸಲು ಸರ್ವರಿನ ಬದಲು ಪ್ರಧಾನ ಸರ್ವರಿನ ದತ್ತಾಂಶ ಕೋಶವೇ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದುದು ಆಗಲೇ ತಿಳಿದುಬಂದುದು; ಸುಮಾರು 6 ಗಂಟೆ ಹಿಂದಿನ ಪ್ರತಿಯಿಂದ ಡೇಟಾಬೇಸನ್ನು ಮರುಸ್ಥಾಪಿಸಬೇಕಾಯಿತು.

ಆದ್ದರಿಂದ ಪ್ರತಿಕೃತಿಯ ವಿಳಂಬವನ್ನು ನಿರಂತರವಾಗಿ ಅಳೆಯುವುದು, ಬ್ಯಾಕಪ್‌ನಿಂದ ಮರುಸ್ಥಾಪನೆಯನ್ನು ಆಗಾಗ ಮಾಡಿ ನೋಡುವುದು ಹಾಗೂ ನಿಯತಕಾಲಕ್ಕೆ ಫೇಲ್‌ಓವರನ್ನು ಉದ್ದೇಶಪೂರ್ವಕವಾಗಿ ನಡೆಸುವುದು ಅವಶ್ಯಕ. ಪರೀಕ್ಷೆಯಲ್ಲಿ ಸರ್ವರನ್ನು ಕ್ರಮಬದ್ಧವಾಗಿ ನಿಲ್ಲಿಸಿದರಷ್ಟೇ ಸಾಲದು. ವಿದ್ಯುತ್ ಕಡಿತ, ಜಾಲದ ವಿಭಜನೆ ಮತ್ತು ತುಂಬಿದ ಡಿಸ್ಕ್ ಬೇರೆ ಬೇರೆ ಬಗೆಯ ವೈಫಲ್ಯಗಳಾಗಿದ್ದು, ಪ್ರತಿಯೊಂದರಲ್ಲಿಯೂ ಕ್ಲಸ್ಟರಿನ ವರ್ತನೆ ಬೇರೆಯಾಗಿರುತ್ತದೆ. ಪ್ರತಿ ಪರೀಕ್ಷೆಯ ಕೊನೆಗೆ ಸೇವೆ ಮರಳಲು ಹಿಡಿದ ಸಮಯದೊಂದಿಗೆ, ದೃಢಪಟ್ಟ ವಹಿವಾಟುಗಳೆಲ್ಲವೂ ಹೊಸ ಪ್ರಧಾನ ಸರ್ವರಿನಲ್ಲಿ ಉಳಿದಿವೆಯೇ ಎಂಬುದನ್ನೂ ಎಣಿಸಿ ನೋಡಬೇಕು.