ಲಾರಿಯಲ್ಲಿ ಭಾರಿ ಧ್ವನಿವರ್ಧಕ: ಡೈನಮೊ ತಾಳೀತೆ?

ಕೊಪ್ಪಳ: ಗಂಗಾವತಿಯ ಅಕ್ಕಿ, ಯಲಬುರ್ಗಾದ ಎರೆಭೂಮಿಯ ಜೋಳ-ಕಡಲೆ, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಕಬ್ಬಿಣ ಜಿಲ್ಲೆಯಿಂದ ಹೊರಹೋಗಲು ಲಾರಿಗಳೇ ಮುಖ್ಯ ಆಸರೆ. ಕುಷ್ಟಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿಯಿಡೀ ಸಾಗುವ ಚಾಲಕನಿಗೆ ಹಾಡೇ ಸಂಗಾತಿ. ಗಣೇಶ ಚತುರ್ಥಿ ಬಂತೆಂದರೆ ಸರಕು ಹೊರುವ ವಾಹನವೇ ಮೆರವಣಿಗೆಯ ವಾಹನವಾಗುವುದೂ ಉಂಟು. ಕ್ಯಾಬಿನ್‌ನ ಸಣ್ಣ ಸ್ಟೀರಿಯೊ ಸಾಲದೆಂದು ಆಂಪ್ಲಿಫಯರ್, ಸಬ್‌ವೂಫರ್‌ಗಳನ್ನು ಜೋಡಿಸುವಾಗ ಎಲ್ಲರ ಗಮನ ಧ್ವನಿಯ ಕಡೆಗಿರುತ್ತದೆ. ಅಷ್ಟು ವಿದ್ಯುತ್ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಮಾತ್ರ ಬ್ಯಾಟರಿ ಕೈಕೊಟ್ಟಾಗ ಅಥವಾ ವೈರ್ ಸುಟ್ಟ ವಾಸನೆ ಬಂದಾಗಲೇ ಏಳುತ್ತದೆ.

ವ್ಯಾಟ್‌ನ ಲೆಕ್ಕ

ಪೆಟ್ಟಿಗೆಯ ಮೇಲೆ ಮುದ್ರಿತವಾದ ‘4000 ವ್ಯಾಟ್’ ಎಂಬ ಸಂಖ್ಯೆಯನ್ನು ನಂಬುವಂತಿಲ್ಲ. ಲೆಕ್ಕಕ್ಕೆ ಬರುವುದು ಸತತವಾಗಿ ದೊರೆಯುವ ಆರ್‌ಎಂಎಸ್ ವ್ಯಾಟ್ ಮಾತ್ರ. ಇದನ್ನು ಅಂದಾಜಿಸಲು ಸುಲಭ ಉಪಾಯವೊಂದಿದೆ. ಆಂಪ್ಲಿಫಯರ್‌ನಲ್ಲಿ 30 ಆಂಪಿಯರ್‌ನ ಎರಡು ಫ್ಯೂಸ್‌ಗಳಿದ್ದರೆ ಅದು 13.8 ವೋಲ್ಟ್‌ನಲ್ಲಿ ಸತತವಾಗಿ ಎಳೆದುಕೊಳ್ಳಬಲ್ಲದ್ದು ಸುಮಾರು 830 ವ್ಯಾಟ್. ಅದರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಹೀಗಿರುವಾಗ ಅದರಿಂದ 4000 ವ್ಯಾಟ್ ಹೊರಬರುವುದು ಅಸಾಧ್ಯ.

ನಿಜವಾಗಿಯೂ 1000 ವ್ಯಾಟ್ ಕೊಡುವ, ಶೇ 80ರಷ್ಟು ದಕ್ಷತೆಯ ಡಿ-ವರ್ಗದ ಆಂಪ್ಲಿಫಯರ್‌ಗೆ 1250 ವ್ಯಾಟ್ ಪೂರೈಸಬೇಕು. 12 ವೋಲ್ಟ್ ವ್ಯವಸ್ಥೆಯಲ್ಲಿ ಇದು ಸುಮಾರು 90 ಆಂಪಿಯರ್. ಹಾಡಿನ ಏರಿಳಿತದಿಂದಾಗಿ ಸರಾಸರಿ ಬಳಕೆ ಇದಕ್ಕಿಂತ ಕಡಿಮೆಯಾದರೂ ಕೇಬಲ್ ಮತ್ತು ಫ್ಯೂಸ್ ಗರಿಷ್ಠ ಪ್ರಮಾಣಕ್ಕೆ ತಕ್ಕಂತಿರಬೇಕು.

24 ವೋಲ್ಟ್‌ನ ತೊಡಕು

ಭಾರಿ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್ ವ್ಯವಸ್ಥೆ. 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಕಾರಿನ ಆಂಪ್ಲಿಫಯರ್‌ಗೆ ಬೇಕಾಗುವುದು 12 ವೋಲ್ಟ್. ಹೀಗಾಗಿ ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರ್ ಎಳೆಯುವ ಅಗ್ಗದ ದಾರಿಯನ್ನು ಹಿಡಿಯುವವರಿದ್ದಾರೆ. ಇದು ಅಪಾಯಕರ. ಡೈನಮೊ ಎರಡೂ ಬ್ಯಾಟರಿಗಳಿಗೆ ಒಂದೇ ಕರೆಂಟ್ ಹರಿಸುತ್ತದೆ. ಹಾಡಿಗೆ ಬಳಸಿದ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿದರೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿಯತೊಡಗುತ್ತದೆ. ಕೊನೆಗೆ ಎರಡೂ ಅವಧಿಗೆ ಮುನ್ನವೇ ಹಾಳಾಗುತ್ತವೆ.

ಸರಿಯಾದ ಮಾರ್ಗವೆಂದರೆ 24 ವೋಲ್ಟನ್ನು 12ಕ್ಕೆ ಇಳಿಸುವ, ತಕ್ಕ ಆಂಪಿಯರ್ ಸಾಮರ್ಥ್ಯದ ಕನ್ವರ್ಟರ್ ಬಳಸುವುದು ಅಥವಾ 24 ವೋಲ್ಟ್‌ನಲ್ಲೇ ನಡೆಯುವ ಆಂಪ್ಲಿಫಯರ್ ಕೊಳ್ಳುವುದು. ವೋಲ್ಟ್ ಇಮ್ಮಡಿಯಾದರೆ ಅದೇ 1250 ವ್ಯಾಟ್‌ಗೆ 45 ಆಂಪಿಯರ್ ಸಾಕು. ಟ್ರ್ಯಾಕ್ಟರ್ ಹಾಗೂ ಸಣ್ಣ ಸರಕು ವಾಹನಗಳದು ಸಾಮಾನ್ಯವಾಗಿ 12 ವೋಲ್ಟ್ ಆದ್ದರಿಂದ ಅಲ್ಲಿ ಈ ತೊಡಕಿಲ್ಲ. ಆದರೆ 90 ಆಂಪಿಯರ್‌ನ ಹೊರೆ ಪೂರ್ತಿಯಾಗಿ ಡೈನಮೊ ಮೇಲೆಯೇ ಬೀಳುತ್ತದೆ.

ನಿಂತಲ್ಲಿ ಬೆಲೆ ತೆರಬೇಕು

ಡೈನಮೊ ಮೇಲೆ ಬರೆದಿರುವ ಆಂಪಿಯರ್ ದೊರೆಯುವುದು ಎಂಜಿನ್ ವೇಗವಾಗಿ ತಿರುಗುವಾಗ. ಮೆರವಣಿಗೆಯಲ್ಲಿ ವಾಹನ ನಿಂತು ನಿಂತು ಸಾಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಉತ್ಪಾದನೆ ಬಹಳ ಇಳಿಯುತ್ತದೆ; ಅತಿ ಹೆಚ್ಚು ಧ್ವನಿ ಬೇಕಾಗುವುದೂ ಆಗಲೇ. ಕೊರತೆಯನ್ನು ತುಂಬುವುದು ಬ್ಯಾಟರಿ. ಅದು ಬಳಲಿದರೆ ಮೊದಲು ದೀಪ ಮಂಕಾಗುತ್ತದೆ, ನಂತರ ಸೆಲ್ಫ್ ಎತ್ತುವುದಿಲ್ಲ. ಆದ್ದರಿಂದ ಧ್ವನಿವರ್ಧಕಕ್ಕೆ ಪ್ರತ್ಯೇಕ ಬ್ಯಾಟರಿ ಇಟ್ಟು, ಎಂಜಿನ್ ನಿಂತಾಗ ಅದು ಮುಖ್ಯ ಬ್ಯಾಟರಿಯಿಂದ ಬೇರ್ಪಡುವಂತೆ ಐಸೊಲೇಟರ್ ಅಳವಡಿಸುವುದು ಸೂಕ್ತ. ಹಲವು ಸಾವಿರ ವ್ಯಾಟ್‌ನ ವ್ಯವಸ್ಥೆಗೆ ವಾಹನದ ಡೈನಮೊ ನೆಚ್ಚುವುದೇ ತಪ್ಪು. ಅದಕ್ಕೆ ಜನರೇಟರ್ ಬೇಕು.

ಬೆಂಕಿಯ ಮೂಲ

5 ಮೀಟರ್ ಉದ್ದದ, 4 ಚದರ ಮಿ.ಮೀ. ತಾಮ್ರದ ವೈರ್‌ನಲ್ಲಿ 90 ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ಸೋರಿಹೋಗುತ್ತದೆ. ಅಂದರೆ 180 ವ್ಯಾಟ್‌ಗೂ ಹೆಚ್ಚು ಶಾಖ ವೈರ್‌ನಲ್ಲೇ ಹುಟ್ಟಿ, ಅದರ ಹೊದಿಕೆ ಕರಗುತ್ತದೆ. 35 ಚದರ ಮಿ.ಮೀ. ಕೇಬಲ್‌ನಲ್ಲಿ ಈ ನಷ್ಟ ಕಾಲು ವೋಲ್ಟ್ ಮಾತ್ರ. ಅರ್ಥ್ ಸಂಪರ್ಕವೂ ಅಷ್ಟೇ ದಪ್ಪವಿರಬೇಕು. ಬಣ್ಣ, ತುಕ್ಕು ಕೆರೆದು ಚಾಸಿಸ್‌ನ ಬರಿಯ ಲೋಹಕ್ಕೇ ಬಿಗಿಯಬೇಕು. ತಾಮ್ರದ ಲೇಪವಿರುವ ಅಲ್ಯುಮಿನಿಯಂ ಕೇಬಲ್ ಅಗ್ಗವಾದರೂ ಅದೇ ಗಾತ್ರದ ತಾಮ್ರದಷ್ಟು ಕರೆಂಟ್ ಹೊರದು.

ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಅರ್ಧ ಮೀಟರ್‌ನೊಳಗೇ ಇರಬೇಕು. ಚಾಸಿಸ್ ಅಂಚಿಗೆ ಉಜ್ಜಿ ಕೇಬಲ್ ಸವೆದು ಶಾರ್ಟ್ ಆದಾಗ ವಾಹನವನ್ನು ಉಳಿಸುವುದು ಅದೊಂದೇ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವುದು ಬೆಂಕಿಗೆ ಆಹ್ವಾನ.

ಕೆಲಸ ಮುಗಿದ ಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಎಲ್ಲ ದೀಪ ಹಚ್ಚಿ, ಹಾಡು ಜೋರು ಮಾಡಿ ಮೀಟರ್ ಹಿಡಿಯಬೇಕು. 24 ವೋಲ್ಟ್ ಲಾರಿಯ ಬ್ಯಾಟರಿಯಲ್ಲಿ 26ಕ್ಕಿಂತ ಕೆಳಗಿಳಿದರೆ ಡೈನಮೊ ಸಾಲದು. ಬ್ಯಾಟರಿಯಲ್ಲಿ ಸರಿಯಿದ್ದು, ನೇರ ಸಂಪರ್ಕದ ಆಂಪ್ಲಿಫಯರ್ ಬಳಿ ಅರ್ಧ ವೋಲ್ಟ್‌ಗೂ ಹೆಚ್ಚು ಕಡಿಮೆ ತೋರಿದರೆ ದೋಷ ಕೇಬಲ್ ಅಥವಾ ಜಾಯಿಂಟ್‌ನದು.

ಕಾನೂನಿನ ಮಿತಿ

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ತಯಾರಕರ ಮೂಲ ವಿನ್ಯಾಸಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನಿರ್ಬಂಧಿಸುತ್ತದೆ.

ಹೆದ್ದಾರಿಯಲ್ಲಿ ಇನ್ನೊಂದು ಮಿತಿಯೂ ಇದೆ. ಹಿಂದಿನಿಂದ ಬರುವ ವಾಹನದ ಹಾರ್ನ್ ಚಾಲಕನ ಕಿವಿಗೆ ಬೀಳದಷ್ಟು ಧ್ವನಿಯಿದ್ದರೆ, ವೈರಿಂಗ್ ಎಷ್ಟೇ ಸರಿಯಿದ್ದರೂ ಆ ಲಾರಿ ಸುರಕ್ಷಿತವಲ್ಲ.